ತಾಂಡೇಲರ ಕಾಲು ಕಟ್ಟಿದ ಪ್ರಕರಣ

ಮನುಷ್ಯನಿಗೆ ಬೀಳಲಿಕ್ಕೂ ಒಂದು ಘನತೆಯ ಸ್ಥಳ ಬೇಕು. ಪ್ರೇಮನಾಥ ಸಾಲ್ಯಾನರಿಗೆ ಆ ಭಾಗ್ಯ ದೊರೆಯಲಿಲ್ಲ. ಆಯುಷ್ಯದ ಬಹುಭಾಗವನ್ನು ಮೀನಿನ ಬೋಟಿನಲ್ಲಿ ತಾಂಡೇಲರಾಗಿ, ಎಂದರೆ ಬೋಟನ್ನೂ ಅದರಲ್ಲಿರುವ ಜನರನ್ನೂ ನಡೆಸುವ ಮುಖ್ಯಸ್ಥರಾಗಿ ಕಳೆದು ನಿವೃತ್ತರಾದ ಅವರು, ಪಡೀಲಿನಲ್ಲಿ ಮಗ ರಿತೇಶ್ ಕೊಂಡ ಫ್ಲ್ಯಾಟಿನ ಅಡುಗೆಮನೆಯಲ್ಲಿ, ಫ್ರಿಜ್ಜಿನಿಂದ ಮಜ್ಜಿಗೆಯ ಪಾತ್ರೆಯನ್ನು ತೆಗೆದು ತಿರುಗುವಾಗ ಬಿದ್ದರು. ನೆಲ ಒದ್ದೆಯಾಗಿರಲಿಲ್ಲ. ಯಾರೂ ದೂಡಿರಲಿಲ್ಲ. ದೇಹ ತಿರುಗಿತು, ಬಲ ಪಾದ ತಿರುಗಲಿಲ್ಲ. ಇವೆರಡರ ಭಿನ್ನಾಭಿಪ್ರಾಯದ ನಡುವೆ ತಾಂಡೇಲರು ನೆಲ ಸೇರಿದರು.

ಪಾತ್ರೆ ಉರುಳಿದ ಸದ್ದಿಗೆ ಸೊಸೆ ಸಂಚಿತಾ ಓಡಿ ಬಂದಳು.

"ಎಂತ ಆಯ್ತು ಮಾವ?"

"ಎಂತ ಇಲ್ಲ. ಫ್ರಿಜ್ಜಿನ ಅಡಿಯಲ್ಲಿ ಕಸ ಉಂಟಾ ಅಂತ ನೋಡ್ತಾ ಇದ್ದೇನೆ."

"ತಲೆಗೆ ಮಜ್ಜಿಗೆ ಹೊಯ್ದುಕೊಂಡಾ?"

ತಾಂಡೇಲರು ಸ್ವಲ್ಪ ಹೊತ್ತು ನಿಜವಾಗಿಯೂ ಫ್ರಿಜ್ಜಿನ ಅಡಿಯನ್ನು ಪರಿಶೀಲಿಸಿದರು. ಕಸ ಇತ್ತು.

ಕಂಕನಾಡಿಯ ಆಸ್ಪತ್ರೆಯೊಂದರ ವೈದ್ಯರು ಅವರ ಪಾದವನ್ನು ಅತ್ತಿತ್ತ ಬಾಗಿಸಲು ನೋಡಿ, ಬೆಳಗಿನಿಂದ ಇದೇ ಮಾತನ್ನು ಬಹಳ ಜನರಿಗೆ ಹೇಳಿ ದಣಿದ ಧ್ವನಿಯಲ್ಲಿ ತೀರ್ಪು ನೀಡಿದರು. ಪಾದದ ಕೀಲು ಬಿಗಿದುಕೊಂಡಿದೆ. ಕೀಲು ಬಾಗದಿದ್ದರೆ ದೇಹ ಓಲಿದಾಗ ತನ್ನನ್ನು ತಾನು ಹಿಡಿದುಕೊಳ್ಳಲಾರದು. ಮಾತ್ರೆಯಿಂದ ಆಗುವ ಕೆಲಸವಲ್ಲ. ಒಬ್ಬರು ಕೈಯಿಂದಲೇ ಅದನ್ನು ಸಡಿಲಿಸಬೇಕು. ಮತ್ತೆ ನಿಲ್ಲುವುದನ್ನು, ನಡೆಯುವುದನ್ನು ಅಭ್ಯಾಸ ಮಾಡಿಸಬೇಕು.

"ನಿಲ್ಲುವುದನ್ನು ನನಗೆ ಕಲಿಸುವುದಾ?" ಎಂದರು ತಾಂಡೇಲರು.

"ಹೌದು," ಎಂದರು ವೈದ್ಯರು. "ಮುಂದಿನವರು ಬನ್ನಿ."

ಹೀಗೆ ದೀಕ್ಷಿತ್ ಎಂಬ ಫಿಸಿಯೋಥೆರಪಿಸ್ಟ್ ಮಧ್ಯಾಹ್ನದ ಹೊತ್ತಿನಲ್ಲಿ ಪಡೀಲಿನ ಆ ಮನೆಗೆ ಬರತೊಡಗಿದ. ಕಬಡ್ಡಿ ಆಟಗಾರನಂಥ ಮೈಕಟ್ಟು, ನೀಲಿ ಸಮವಸ್ತ್ರ, ಊರಿನ ಮುದುಕರ ಪಾದಗಳನ್ನೆಲ್ಲ ಸರದಿಯಂತೆ ಹಿಡಿದು ಹಿಡಿದು ಬಂದ ಒಂದು ಬಗೆಯ ವೈರಾಗ್ಯ. ಅವನು ತಾಂಡೇಲರ ಹಿಮ್ಮಡಿಯನ್ನು ಒಂದು ಅಂಗೈಯಲ್ಲಿರಿಸಿ, ಇನ್ನೊಂದು ಕೈಯ ಹೆಬ್ಬೆರಳಿನ ಸಂದಿಯಿಂದ ಪಾದದ ಮೇಲ್ಭಾಗವನ್ನು ಹಿಂದಕ್ಕೆ ಒತ್ತುತ್ತಿದ್ದ.

"ಬಿಗಿ ಹಿಡೀಬೇಡಿ ಅಂಕಲ್. ಕಾಲನ್ನು ನನಗೆ ಕೊಟ್ಟುಬಿಡಿ."

"ಕೊಟ್ಟಿದ್ದೇನಲ್ಲ ಮಾರಾಯ."

"ಕೊಟ್ಟಿಲ್ಲ. ನೀವು ಒಂದು ಕಡೆ, ನಾನು ಒಂದು ಕಡೆ ಎಳೀತಾ ಇದ್ದೇವೆ."

ಇಲ್ಲಿ ಓದುಗರಿಗೆ ಒಂದು ವಿಷಯ ತಿಳಿದಿರಬೇಕು. ಅದನ್ನು ತಿಳಿಯದವರಿಗೆ ಮುಂದಿನದೆಲ್ಲ ಕೇವಲ ಹುಚ್ಚಾಟವೆಂದು ತೋರುವುದು ಸಹಜ. ತಾಂಡೇಲರ ಅಕ್ಕ ಅಪ್ಪಿ ಉಳ್ಳಾಲದಲ್ಲಿದ್ದರು. ಆಕೆಯ ಮಗ ಭುವನ್ ಈಗ ಮನೆತನದ ಬೋಟಿನ ಯಜಮಾನ. ಆ ಮನೆತನದಲ್ಲೊಂದು ಕಟ್ಟಳೆಯಿತ್ತು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಸಮುದ್ರ ತೆರೆಯುವ ದಿನ, ಬೋಟಿನ ಮೇಲೆ ಮೊದಲ ಹೆಜ್ಜೆಯನ್ನು ಯಜಮಾನನ ಹಿರಿಯ ಸೋದರಮಾವ ಇಡಬೇಕು. ಎರಡು ಕೈಗಳಲ್ಲೂ ತೆಂಗಿನಕಾಯಿ ಮತ್ತು ಹಿಂಗಾರದ, ಎಂದರೆ ಅಡಿಕೆಯ ಹೂಗೊಂಚಲಿನ, ಹರಿವಾಣ. ಆದ್ದರಿಂದ ಯಾರನ್ನೂ, ಯಾವುದನ್ನೂ ಹಿಡಿದುಕೊಳ್ಳುವಂತಿಲ್ಲ. ಹೆಜ್ಜೆ ತಪ್ಪಿದರೆ ಆ ವರ್ಷದ ಮೀನೂ ತಪ್ಪುತ್ತದೆಂದು ಬೋಟಿನ ಜನ ದೃಢವಾಗಿ ನಂಬಿದ್ದರು. ಹಿರಿಯ ಮಾವನಿಗೆ ಆಗದಿದ್ದರೆ ಹಕ್ಕು ಕಿರಿಯ ಮಾವನಿಗೆ ಹೋಗುವುದು.

ಕಿರಿಯ ಮಾವನೆಂದರೆ ತಾಂಡೇಲರ ತಮ್ಮ ವಾಮನ. ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಸಮುದ್ರಕ್ಕೂ ಅವನಿಗೂ ಇದ್ದ ಸಂಬಂಧವೆಂದರೆ, ಭಾನುವಾರ ಸಂಜೆ ಪಣಂಬೂರಿನಲ್ಲಿ ಕಾರು ನಿಲ್ಲಿಸಿ, ಗಾಜು ಏರಿಸಿಕೊಂಡು, ಒಳಗೆ ಕುಳಿತು ಅಲೆಗಳನ್ನು ನೋಡುವುದು. ಆ ವಾಮನನು ತಮ್ಮ ಬೋಟನ್ನು ಏರುವ ದೃಶ್ಯವನ್ನು ಕಲ್ಪಿಸಿಕೊಂಡಾಗಲೆಲ್ಲ ತಾಂಡೇಲರ ಬಲ ಪಾದ ಇನ್ನಷ್ಟು ಬಿಗಿದುಕೊಳ್ಳುತ್ತಿತ್ತು.

"ಕಾಲಿನ ವಿಷಯ ಈ ಬಾಗಿಲಿನಿಂದ ಹೊರಗೆ ಹೋಗ್ಲಿಕ್ಕಿಲ್ಲ," ಎಂದು ಅವರು ಮಗನಿಗೂ ಸೊಸೆಗೂ ಆಜ್ಞಾಪಿಸಿದರು. ದೀಕ್ಷಿತನಿಗೂ ತಾಕೀತಾಯಿತು. "ಯಾರಾದ್ರೂ ಕೇಳಿದ್ರೆ ನೀನು ಬಂದೇ ಇಲ್ಲ."

"ವಾಚ್‌ಮನ್ ಕೇಳಿದ್ರೆ?"

"ಮನೆಯ ಖಾಸಗಿ ವಿಷಯ ಅಂತ ಹೇಳು."

ದೀಕ್ಷಿತ್ ಹಾಗೆಯೇ ಹೇಳಿದ. ಖಾಸಗಿ ವಿಷಯವೆಂಬ ಎರಡು ಪದಗಳು ಒಂದು ವಸತಿ ಸಮುಚ್ಚಯದಲ್ಲಿ ಎಷ್ಟು ಬೇಗ ಸಾರ್ವಜನಿಕವಾಗುತ್ತವೆ ಎಂಬುದನ್ನು ಅವನು ಯೋಚಿಸಲಿಲ್ಲ. ಯೋಚಿಸುವಷ್ಟು ಶಕ್ತಿ ಅವನಲ್ಲಿ ಉಳಿದೂ ಇರಲಿಲ್ಲ.

ಕೀಲು ಕೈಯೊತ್ತಡಕ್ಕೆ ಸ್ವಲ್ಪ ಬಗ್ಗಿದ ಮೇಲೆ ಪಟ್ಟಿಯ ಅಭ್ಯಾಸ ಆರಂಭವಾಯಿತು. ತಾಂಡೇಲರು ಬಲಗಾಲನ್ನು ಒಂದು ಕುಳ್ಳು ಸ್ಟೂಲಿನ ಮೇಲಿಟ್ಟು, ಅಡುಗೆ ಕಟ್ಟೆಯನ್ನು ಹಿಡಿದು ನಿಲ್ಲಬೇಕು. ಒಂದು ಅಗಲವಾದ ಬಟ್ಟೆಯ ಪಟ್ಟಿ ಅವರ ಕಾಲಿನ ಕೆಳಭಾಗವನ್ನು ಹಿಂದಿನಿಂದ ಬಳಸಿ, ಎದುರಿಗೆ ನಿಂತ ದೀಕ್ಷಿತನ ಸೊಂಟವನ್ನು ಸುತ್ತಿಕೊಳ್ಳುತ್ತದೆ. ದೀಕ್ಷಿತ್ ಬಾಗಿ ಎರಡೂ ಕೈಗಳಿಂದ ಪಾದವನ್ನು ಸ್ಟೂಲಿಗೆ ಒತ್ತಿಹಿಡಿದು, ಸೊಂಟವನ್ನು ಹಿಂದಕ್ಕೆ ಚಾಚಿ ಕಾಲನ್ನು ಮುಂದಕ್ಕೆಳೆಯುತ್ತಾನೆ. ತಾಂಡೇಲರು ಮೊಣಕಾಲನ್ನು ಮುಂದಕ್ಕೆ ಬಾಗಿಸುತ್ತಾರೆ. ಶಾಸ್ತ್ರೀಯವೂ ಪರಿಣಾಮಕಾರಿಯೂ ಆದ ಚಿಕಿತ್ಸೆ. ಆದರೆ ಕಿಟಕಿಯಿಂದ ನೋಡುವವರಿಗೆ ಶಾಸ್ತ್ರ ಕಾಣಿಸುವುದಿಲ್ಲ.

ಕಿಟಕಿಯಿಂದ ನೋಡಿದವರು ಬೀಫಾತಿಮ್ಮ. ಅವರ ಅಡುಗೆಮನೆಯ ಕಿಟಕಿ ತಾಂಡೇಲರ ಅಡುಗೆಮನೆಯ ಕಿಟಕಿಗೆ ನೇರ ಎದುರು. ಆಕೆಯ ಗಂಡ ಅಬ್ದುಲ್ ರಹ್ಮಾನ್ ದಕ್ಕೆಯಲ್ಲಿ, ಎಂದರೆ ಮೀನುಗಾರಿಕಾ ಬಂದರಿನಲ್ಲಿ, ಮೀನು ಖರೀದಿಯ ವ್ಯಾಪಾರ ಮಾಡಿದವರು. ತಾಂಡೇಲರ ಜೊತೆಗೆ ಒಂದು ತಲೆಮಾರಿನ ಕಾಲ ಮೀನಿಗಾಗಿ ಜಗಳವಾಡಿ, ಆ ಜಗಳದ ಮಮತೆಯಿಂದಲೇ ಇಳಿವಯಸ್ಸಿನಲ್ಲಿ ಅವರ ನೆರೆಗೆ ಮನೆ ಮಾಡಿಕೊಂಡವರು.

"ಇಲ್ಲಿ ಬನ್ನಿ ಒಮ್ಮೆ," ಎಂದು ಬೀಫಾತಿಮ್ಮ ಗಂಡನನ್ನು ಕರೆದರು. "ತಾಂಡೇಲರನ್ನು ಕಟ್ಟಿಹಾಕಿದ್ದಾರೆ."

"ನಿನಗೆ ಎಂತ ತಲೆ ಸರಿ ಉಂಟಾ?"

"ನನಗೆ ಉಂಟು. ಅವರಿಗೆ ಇಲ್ಲ ಅಂತ ಕಾಣ್ತದೆ. ನೋಡಿ, ಹುಚ್ಚಾಸ್ಪತ್ರೆಯಿಂದ ಜನ ತರಿಸಿದ್ದಾರೆ. ಕಾಲಿಗೆ ಪಟ್ಟಿ ಕಟ್ಟಿ ಎಳೀತಾ ಇದ್ದಾನೆ. ಪಾಪ, ಅವರು ಕಟ್ಟೆಯನ್ನು ಗಟ್ಟಿ ಹಿಡಿದುಕೊಂಡಿದ್ದಾರೆ, ಎಳ್ಕೊಂಡು ಹೋಗಬಾರದು ಅಂತ."

ರಹ್ಮಾನ್ ಕನ್ನಡಕ ಹುಡುಕಿ ಬರುವಷ್ಟರಲ್ಲಿ ಚಿಕಿತ್ಸೆ ಮುಗಿದಿತ್ತು. ಪರರ ಮನೆಯ ವಿಷಯದಲ್ಲಿ ತಲೆ ಹಾಕಬಾರದೆಂದು ಅವರು ಹೆಂಡತಿಗೆ ಬುದ್ಧಿ ಹೇಳಿದರು. ಮಾರನೆಯ ಬೆಳಿಗ್ಗೆ ತಲೆ ಹಾಕಲು ತಾವೇ ಹೊರಟರು.

ತಾಂಡೇಲರು ಹಾಲ್‌ನಲ್ಲಿ ಕುಳಿತಿದ್ದರು. ಮಿತ್ರನನ್ನು ಕಂಡು ಏಳಹೋಗಿ, ಒಂದು ಕಡೆಗೆ ಓಲಿ, ಮತ್ತೆ ಕುಳಿತರು. ರಹ್ಮಾನ್ ಇದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡರು.

"ಪ್ರೇಮಣ್ಣ, ಇವತ್ತು ವಾರ ಎಂತ?"

"ಯಾಕೆ ರಹ್ಮಾನಾಕ, ನಿಮ್ಮಲ್ಲಿ ಕ್ಯಾಲೆಂಡರ್ ಇಲ್ವಾ?"

ಉತ್ತರ ಬರಲಿಲ್ಲ ಎಂಬುದನ್ನೂ ರಹ್ಮಾನ್ ಗುರುತಿಸಿಕೊಂಡರು.

"ನಿನ್ನೆ ಮಧ್ಯಾಹ್ನ ನಿಮ್ಮಲ್ಲಿ ಯಾರೋ ಬಂದ ಹಾಗೆ ಇತ್ತು."

"ಯಾರೂ ಬರಲಿಲ್ಲ."

"ಗಟ್ಟಿಮುಟ್ಟಾದ ಜನ. ನೀಲಿ ಅಂಗಿ."

"ಇಲ್ಲವೇ ಇಲ್ಲ."

"ನಿಮ್ಮ ಕಾಲನ್ನು ಎಂತದೋ..."

"ಯಾರ ಕಾಲು? ಎಂತ ಕಾಲು? ನನಗೆ ಕಾಲಿನ ವಿಷಯವೇ ಗೊತ್ತಿಲ್ಲ!"

ತನಗೆ ಕಾಲಿರುವ ವಿಷಯವೇ ಗೊತ್ತಿಲ್ಲದ ಸ್ಥಿತಿಗೆ ಮಿತ್ರ ತಲುಪಿರುವುದನ್ನು ಕೇಳಿ ರಹ್ಮಾನರ ಕಣ್ಣು ಒದ್ದೆಯಾಯಿತು. ಕಡೆಯದಾಗಿ ಒಂದು ಪರೀಕ್ಷೆ ಉಳಿದಿತ್ತು.

"ಒಂದು ವರ್ಷ ನೀವು ನನಗೆ ಅಂಜಲ್ ಮೀನು ಕೊಟ್ಟದ್ದು, ಐಸ್ ಕಡಿಮೆ ಹಾಕಿ ಹಾಳಾದದ್ದು, ಅದು ನೆನಪುಂಟಾ?"

ತಾಂಡೇಲರು ನೆಟ್ಟಗಾದರು. "ನೆನಪಿಲ್ಲದೆ? ಐಸ್ ಕಡಿಮೆ ಇರಲಿಲ್ಲ. ನೀವು ಪೆಟ್ಟಿಗೆಯನ್ನು ಬಿಸಿಲಿನಲ್ಲಿಟ್ಟು ಚಾ ಕುಡೀಲಿಕ್ಕೆ ಹೋದದ್ದು. ಚಾದ ಜೊತೆ ಬನ್ಸ್ ತಿಂದಿರಿ. ಬನ್ಸ್ ತಣ್ಣಗಾಗಿದೆ ಅಂತ ಹೋಟೆಲಿನವನ ಹತ್ತಿರ ಮಾತು ಬೆಳೆಸಿದಿರಿ. ಅಷ್ಟು ಹೊತ್ತೂ ನನ್ನ ಅಂಜಲ್ ಬಿಸಿಲು ಕಾಯ್ತಾ ಇತ್ತು. ನಿಮ್ಮ ಅಂಗಿಯ ಬಣ್ಣ ಹೇಳಬೇಕಾ?"

ರಹ್ಮಾನ್ ಭಾರವಾದ ಹೆಜ್ಜೆಗಳಿಂದ ಮನೆಗೆ ಮರಳಿದರು. "ಹಳೆಯದೆಲ್ಲ ಉಂಟು," ಎಂದರು ಹೆಂಡತಿಗೆ. "ಹೊಸದು ಎಂತ ಇಲ್ಲ. ನನ್ನ ಅಜ್ಜನಿಗೂ ಹೀಗೇ ಶುರುವಾದದ್ದು."

ಬೀಫಾತಿಮ್ಮ ಮೂಲತಃ ಉಳ್ಳಾಲದವರು; ಅಪ್ಪಿಯನ್ನು ಬಲ್ಲವರು. ಅವರು ಫೋನ್ ಮಾಡಿದ್ದು ಕೇವಲ ಸಮಾಧಾನ ಹೇಳಲು. ಸಮಾಧಾನ ಮುಗಿಯುವಾಗ ಅಪ್ಪಿ ಆ ಕಡೆಯಲ್ಲಿ ಎದೆ ಬಡಿದುಕೊಳ್ಳುತ್ತಿದ್ದರು. ಆ ಸುದ್ದಿ ಭುವನನನ್ನು ತಲುಪಿತು, ಅಲ್ಲಿಂದ ವಾಮನನಿಗೆ. ಸಂಜೆಯಾಗುವಾಗ ತಾಂಡೇಲರ ಫೋನ್ ರಿಂಗಾಯಿತು.

"ಅಣ್ಣ," ಎಂದಿತು ವಾಮನನ ಧ್ವನಿ, ಮಗುವಿಗೆ ಅನ್ನ ಉಣಿಸುವಂಥ ಮೃದುತ್ವದಿಂದ. "ನಾನು ವಾಮನ. ನಿನ್ನ ತಮ್ಮ. ಗೊತ್ತಾಯ್ತಾ?"

"ನೀನು ವಾಮನ ಅಂತ ನನಗೆ ನಿನ್ನ ತೊಟ್ಟಿಲಿನಿಂದ ಗೊತ್ತುಂಟು. ಎಂತ ವಿಷಯ?"

"ಎಂತ ಇಲ್ಲ. ನೀನು ಯಾವುದಕ್ಕೂ ತಲೆಬಿಸಿ ಮಾಡಬೇಡ. ಬೋಟು ಹತ್ತುವ ಕೆಲಸವನ್ನು ನಾನು ಮಾಡ್ತೇನೆ. ಅದಕ್ಕೆ ಅಂತಲೇ ಹೊಸ ಶೂ ತಗೊಂಡಿದ್ದೇನೆ."

ಆ ಮೃದು ಧ್ವನಿಯಿಂದಲೇ ತಾಂಡೇಲರಿಗೆ ವಿಷಯ ಅರ್ಥವಾಯಿತು. ತಮಗೆ ಹುಚ್ಚು ಎಂದು ಊರೆಲ್ಲ ತಿಳಿದಿದೆ ಎಂಬುದಕ್ಕಿಂತಲೂ, ಬರಿಗಾಲಿನಲ್ಲದೆ ಯಾರೂ ಮೆಟ್ಟದ ಬೋಟಿನ ಮೇಲೆ ಶೂ ಏರುತ್ತದೆ ಎಂಬುದು ಅವರನ್ನು ಹೆಚ್ಚು ಕಲಕಿತು.

ಸೊಸೆಯದು ಬೇರೆಯೇ ಸಂಕಟ. ಲಿಫ್ಟಿನಲ್ಲಿ ಹೆಂಗಸರು ಅವಳನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. "ಹಿರಿಯರನ್ನು ಕಟ್ಟಿಹಾಕುವುದಕ್ಕಿಂತ ಬೇರೆ ದಾರಿ ಇಲ್ವಾ?" ಎಂದು ಒಬ್ಬಾಕೆ ಬಹಳ ನಾಜೂಕಾಗಿ ಕೇಳಿದಳು.

"ಮಾವ," ಎಂದಳು ಸಂಚಿತಾ, ಪಾತ್ರೆ ತೊಳೆಯುತ್ತ, ತಿರುಗಿ ನೋಡದೆ. "ನಿಮ್ಮ ಕಾಲು ಸರಿಯಾಗುವಾಗ ನನ್ನ ಹೆಸರು ಪೂರ್ತಿ ಹಾಳಾಗ್ತದೆ. ಒಂದು ಮಾತು ಹೇಳಿಬಿಡಿ, ಕಾಲು ನೋವು ಅಂತ."

"ಕಾಲು ಅಂತ ಹೇಳಿದ್ರೆ ವಾಮನ ಬೋಟು ಹತ್ತುತ್ತಾನೆ."

"ಹೇಳದಿದ್ರೆ?"

"ಹೇಳದಿದ್ರೆ ತಲೆ ಅಂತ ತಿಳಿದು, ಆಗಲೂ ವಾಮನ ಹತ್ತುತ್ತಾನೆ."

"ಹಾಗಾದ್ರೆ ನನ್ನ ಹೆಸರನ್ನಾದ್ರೂ ಉಳಿಸಬಹುದಲ್ಲ?"

ಇದು ನ್ಯಾಯವಾದ ಮಾತು. ನ್ಯಾಯವಾದ ಮಾತಿಗೆ ಮನೆಯ ಹಿರಿಯರು ಕೊಡುವ ಉತ್ತರವನ್ನೇ ತಾಂಡೇಲರೂ ಕೊಟ್ಟರು. ಟಿವಿಯ ಸದ್ದನ್ನು ಹೆಚ್ಚಿಸಿದರು.

ಮಾರನೆಯ ದಿನ, ಪಾದವನ್ನು ದೀಕ್ಷಿತನ ಕೈಗೆ ಕೊಟ್ಟು, ಅವರು ಅವನ ಸಲಹೆಯನ್ನೇ ಕೇಳಿದರು.

"ನೀನು ಕಲಿತವನು. ಹುಚ್ಚನಾಗಿರುವುದು ಒಳ್ಳೆಯದಾ, ಕುಂಟನಾಗಿರುವುದಾ?"

"ನನ್ನ ಲೈನು ಕಾಲು ಮಾತ್ರ ಅಂಕಲ್. ಹಿಮ್ಮಡಿ ಎತ್ತಬೇಡಿ."

ಸಮುದ್ರ ತೆರೆಯುವ ದಿನ ಸಮೀಪಿಸಿತು. ಇಷ್ಟು ವಾರಗಳ ಒತ್ತಡ, ಎಳೆತ, ನಿಟ್ಟುಸಿರುಗಳಿಂದ ಕೀಲು ಬಾಗತೊಡಗಿತ್ತು. ತಾಂಡೇಲರು ಸ್ಟೂಲನ್ನು ಏರುವುದನ್ನು, ಏರಿ ನಿಲ್ಲುವುದನ್ನು ಹಠದಿಂದ ಅಭ್ಯಾಸ ಮಾಡುತ್ತಿದ್ದರು. ಒಂಟಿಗಾಲಿನ ಅಭ್ಯಾಸ ಮಾತ್ರ ಯಾವ ಕಾಲಿನಲ್ಲೂ ಕೈಗೂಡಿರಲಿಲ್ಲ. ಕಟ್ಟೆಯಿಂದ ಬೆರಳು ತೆಗೆದರೆ ಸಾಕು, ಅವರು ದೀಕ್ಷಿತನ ಹೆಗಲಿನ ಮೇಲಿರುತ್ತಿದ್ದರು.

ಅಂಥ ಒಂದು ಮಧ್ಯಾಹ್ನ ಪಟ್ಟಿಯ ಬಕಲು ಮುರಿಯಿತು.

"ಇವತ್ತಿಗೆ ಸಾಕು," ಎಂದ ದೀಕ್ಷಿತ್, ಆಸೆಯಿಂದ.

"ಬಕಲು ಇಲ್ಲದಿದ್ರೆ ಎಂತ? ನಾನು ಉಂಟಲ್ಲ." ತಾಂಡೇಲರು ಪಟ್ಟಿಯ ಎರಡು ತುದಿಗಳನ್ನು ತಮ್ಮ ಕಾಲಿನ ಹತ್ತಿರ ಜೋಡಿಸಿ, ಬಲೆಯ ಹಗ್ಗಕ್ಕೆ ಹಾಕುವ ಗಂಟು ಹಾಕಿದರು. ಎಳೆದಷ್ಟೂ ಬಿಗಿಯುವುದು ಆ ಗಂಟಿನ ಗುಣ. ಮೀನು ತುಂಬಿದ ಬಲೆಯನ್ನು ಅದು ಬಿಡಬಾರದು. ಅತ್ತ ದೀಕ್ಷಿತ್ ತನ್ನ ಕಬಡ್ಡಿಯ ಬಲವನ್ನೆಲ್ಲ ಹಾಕಿ ಹಿಂದಕ್ಕೆ ವಾಲಿದ. ಅಭ್ಯಾಸ ಅತ್ಯುತ್ತಮವಾಗಿ ನಡೆಯಿತು. ಮುಗಿದ ಮೇಲೆ ಗಂಟು ಬಿಚ್ಚಲಿಲ್ಲ.

"ಅಂಕಲ್, ನನಗೆ ಜೆಪ್ಪುವಿನಲ್ಲಿ ಇನ್ನೊಬ್ಬರು ಕಾಯ್ತಾ ಇದ್ದಾರೆ."

"ಒಂದು ನಿಮಿಷ ಮಾರಾಯ. ನೀನು ಉಸಿರು ಒಳಗೆ ತಗೋ."

ಆಗ ಕರೆಗಂಟೆ ಸದ್ದು ಮಾಡಿತು.

ಸಂಚಿತಾ ಬಾಗಿಲು ತೆರೆದಳು. ಹೊರಗೆ ಅಪ್ಪಿ, ಅವರ ಹಿಂದೆ ಭುವನ್, ಭುವನನ ಹಿಂದೆ ಹೊಳೆಯುವ ಬಿಳಿ ಶೂಗಳಲ್ಲಿ ವಾಮನ. ಅವರೆಲ್ಲರ ಹಿಂದೆ, ಲಿಫ್ಟ್ ಕೆಟ್ಟಿದ್ದರಿಂದ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ಪೊಲೀಸ್ ಠಾಣೆಯ ಒಬ್ಬ ಎಎಸ್‌ಐ. ಹಿರಿಯ ನಾಗರಿಕರ ಸಹಾಯವಾಣಿಗೆ ಒಂದು ಕರೆ ಹೋಗಿತ್ತು. ಕರೆ ಮಾಡಿದವರು ತಮ್ಮ ಹೆಸರನ್ನು ಹೇಳಿರಲಿಲ್ಲ. ಆದರೆ ಎಎಸ್‌ಐ ಬಂದದ್ದೇ ಎದುರು ಮನೆಯ ಬಾಗಿಲು ತೆರೆದು ಬೀಫಾತಿಮ್ಮ, "ಇದೇ ಮನೆ ಸಾರ್," ಎಂದರು. ಅವರ ಹಿಂದೆ ರಹ್ಮಾನರೂ ಇದ್ದರು.

"ಎಲ್ಲಿ ನನ್ನ ತಮ್ಮ?" ಎಂದು ಅಪ್ಪಿ ಕೂಗಿದರು. "ಎಲ್ಲಿ ಕಟ್ಟಿಟ್ಟಿದ್ದಿ ಅವನನ್ನು?"

"ಯಾರೂ ಯಾರನ್ನೂ ಕಟ್ಟಿಲ್ಲ ಅತ್ತೆ," ಎಂದಳು ಸಂಚಿತಾ.

ಅದೇ ಕ್ಷಣದಲ್ಲಿ ಅಡುಗೆಮನೆಯ ಬಾಗಿಲಿನಲ್ಲಿ ತಾಂಡೇಲರು ಮತ್ತು ದೀಕ್ಷಿತ್, ಒಂದೇ ಪಟ್ಟಿಯಲ್ಲಿ ಬಂಧಿತರಾಗಿ, ಒಬ್ಬರು ಮುಂದಕ್ಕೂ ಒಬ್ಬರು ಹಿಂದಕ್ಕೂ ಹೆಜ್ಜೆಯಿಡುತ್ತ, ಮೂರು ಕಾಲಿನ ಓಟಕ್ಕೆ ನಿಯಮ ತಿಳಿಯದೆ ಇಳಿದವರಂತೆ ಪ್ರವೇಶಿಸಿದರು.

ಎಎಸ್‌ಐ ಟೋಪಿ ತೆಗೆದು ತಲೆ ಒರೆಸಿಕೊಂಡರು.

"ಕಟ್ಟಿದ್ದು ಯಾರು?"

"ನಾನು," ಎಂದರು ತಾಂಡೇಲರು.

"ನೀವಾ? ಕಟ್ಟಿಸಿಕೊಂಡದ್ದು?"

"ನಾನು," ಎಂದ ದೀಕ್ಷಿತ್. "ಸಾರ್, ನನಗೆ ಜೆಪ್ಪುವಿಗೆ ಹೋಗ್ಲಿಕ್ಕುಂಟು."

ಎಎಸ್‌ಐ ಬೀಫಾತಿಮ್ಮನ ಕಡೆ ತಿರುಗಿದರು. "ಮುದುಕರನ್ನು ಕಟ್ಟಿದ್ದಾರೆ ಅಂತ ಕಂಪ್ಲೇಂಟು. ಇಲ್ಲಿ ಮುದುಕರೇ ಈ ಹುಡುಗನನ್ನು ಕಟ್ಟಿದ್ದಾರಲ್ಲ. ನಾನು ಯಾರನ್ನು ಬಿಡಿಸಬೇಕು?"

"ಇಬ್ಬರನ್ನೂ ಬಿಡಿಸಿ ಸಾರ್, ಪುಣ್ಯ ಬರ್ತದೆ."

ಬಿಡಿಸುವ ಯತ್ನಗಳು ಆರಂಭವಾದವು. ಎಎಸ್‌ಐ ಕುಕ್ಕರಗಾಲಿನಲ್ಲಿ ಕೂತು ಗಂಟನ್ನು ಪರೀಕ್ಷಿಸಿ, ಏಳಲು ಭುವನನ ಸಹಾಯ ಪಡೆದರು. ಭುವನ್ ಹಲ್ಲಿನಿಂದ ಪ್ರಯತ್ನಿಸಬಹುದೆಂದ. ಆದರೆ ಮಾವನ ಕಾಲಿಗೆ ಹಲ್ಲು ಹಾಕಲು ಅವನಿಗೆ ಧೈರ್ಯ ಬರಲಿಲ್ಲ. ಬೀಫಾತಿಮ್ಮ ಮನೆಗೆ ಓಡಿ ಮೀನು ಕೊಯ್ಯುವ ಕತ್ತಿಯನ್ನು ತಂದರು. ಕತ್ತಿಯನ್ನು ಕಂಡು ದೀಕ್ಷಿತ್ ಮೊದಲ ಬಾರಿಗೆ ಪೂರ್ಣ ಎಚ್ಚರಗೊಂಡ.

"ಯಾರೂ ಮುಟ್ಟಬೇಡಿ!" ಎಂದು ತಾಂಡೇಲರು ಗುಡುಗಿದರು. ಬೋಟಿನ ಜನರ ಎದೆ ನಡುಗಿಸುತ್ತಿದ್ದ ಆ ದನಿಗೆ ಎಎಸ್‌ಐ ಕೂಡ ಅಟೆನ್ಷನ್ನಿನಲ್ಲಿ ನಿಂತರು. "ನಾನು ಹಾಕಿದ ಗಂಟಿಗೆ ಕತ್ತಿ ಇಡುವುದಾ? ಹುಡುಗ, ಹತ್ತಿರ ಬಾ. ಪಟ್ಟಿ ಸಡಿಲು ಬಿಡು."

ದೀಕ್ಷಿತ್ ಹತ್ತಿರ ಸರಿದ. ಸಂಚಿತಾ ಕುರ್ಚಿ ತರಲು ಹೋದಳು. ಆದರೆ ಕೋಪಗೊಂಡ ಮನುಷ್ಯನು ಕುರ್ಚಿಗಾಗಿ ಕಾಯುವುದಿಲ್ಲ. ತಾಂಡೇಲರು ಬೋಟಿನಲ್ಲಿ ಕಾಲಿಗೆ ತೊಡಕಿದ ಹಗ್ಗವನ್ನು ಹೇಗೆ ಬಿಡಿಸುತ್ತಿದ್ದರೋ ಹಾಗೆಯೇ, ಎಡಗಾಲನ್ನು ಊರಿ, ಬಲಗಾಲನ್ನು ಎತ್ತಿ ಎಡ ಮೊಣಕಾಲಿನ ಮೇಲೆ ಅಡ್ಡಲಾಗಿ ಇಟ್ಟು, ಎರಡೂ ಕೈಗಳಿಂದ ಗಂಟಿನ ಎಳೆಯನ್ನು ಹುಡುಕತೊಡಗಿದರು. ಹಾಲ್‌ನ ನಟ್ಟನಡುವೆ, ನುಣುಪಾದ ಟೈಲ್ಸಿನ ಮೇಲೆ, ಏನನ್ನೂ ಹಿಡಿಯದೆ, ಒಂಟಿ ಕಾಲಿನಲ್ಲಿ.

ದೀಕ್ಷಿತ್ ಇದನ್ನು ಮೊದಲು ಕಂಡ. ಅವನು ಬೆರಳನ್ನು ತುಟಿಯ ಮೇಲಿಟ್ಟು ಎಲ್ಲರ ಕಡೆ ನೋಡಿದ. ಬೀಫಾತಿಮ್ಮ ಕತ್ತಿಯನ್ನು ಬೆನ್ನ ಹಿಂದೆ ಅಡಗಿಸಿದರು.

"ಇಲ್ಲಿ ಸಿಕ್ಕಿತು," ಎಂದರು ತಾಂಡೇಲರು, ಎಳೆಯನ್ನು ಜಗ್ಗುತ್ತ. "ಎಂತ ಎಲ್ಲರೂ ಸುಮ್ಮನಾದಿರಿ?" ತಲೆಯೆತ್ತಿ ನೋಡಿದರು. ಎಲ್ಲರ ಕಣ್ಣುಗಳೂ ತಮ್ಮ ಎಡಗಾಲಿನ ಮೇಲಿರುವುದನ್ನು ಕಂಡರು. ತಾವೂ ಅದನ್ನು ನೋಡಿದರು. ತಾವು ಮಾಡುತ್ತಿರುವುದು ತಮ್ಮಿಂದ ಆಗದ ಕೆಲಸವೆಂಬುದು ನೆನಪಾದದ್ದೇ ತಡ, ಓಲತೊಡಗಿದರು. ಅಷ್ಟರಲ್ಲಿ ಗಂಟು ಬಿಚ್ಚಿತು. ದೀಕ್ಷಿತ್ ಹಿಂದಕ್ಕೂ ತಾಂಡೇಲರು ಸಂಚಿತಾ ತಂದ ಕುರ್ಚಿಯ ಮೇಲಕ್ಕೂ ಬಿದ್ದರು.

"ಇವರಿಗೆ ಎಂತ ಆಗಿದೆ ಅಂತ ನೀವು ಹೇಳಿದ್ದು?" ಎಂದು ಬೀಫಾತಿಮ್ಮನನ್ನು ಎಎಸ್‌ಐ ಕೇಳಿದರು.

ಇನ್ನು ಮುಚ್ಚಿಡಲು ತಾಂಡೇಲರಿಗೆ ತ್ರಾಣವಿರಲಿಲ್ಲ. "ತಲೆಗೆ ಎಂತ ಆಗಲಿಲ್ಲ ಅಕ್ಕ," ಎಂದರು. "ಕಾಲಿನ ಕೀಲು ಹಿಡಿದಿತ್ತು. ಅಡುಗೆಮನೆಯಲ್ಲಿ ಬಿದ್ದೆ. ಇವನು ಫಿಸಿಯೋ. ನನ್ನ ಸೊಸೆ ಪಾಪದವಳು, ಅವಳಿಗೆ ಯಾರೂ ಎಂತದೂ ಹೇಳಬೇಡಿ."

ಗದ್ದಲಕ್ಕೆ ಹೊರಗೆ ಸೇರಿದ್ದ ಲಿಫ್ಟಿನ ಹೆಂಗಸರು ಇದನ್ನು ಕೇಳಲೆಂದು ಸಂಚಿತಾ ಬಾಗಿಲನ್ನು ಇನ್ನಷ್ಟು ಅಗಲವಾಗಿ ತೆರೆದಳು.

"ಹಾಗಾದ್ರೆ ಕಾಲು ಸರಿ ಇಲ್ಲ ಅಂತ ಆಯ್ತಲ್ಲ," ಎಂದ ವಾಮನ, ದುಃಖದ ಮುಖ ಮರೆಮಾಡಲಾರದ ಉತ್ಸಾಹದಿಂದ. "ಅಣ್ಣ ಆರಾಮ ಮಾಡಲಿ. ಹೇಗೂ ನಾನು ಶೂ..."

"ನೀನು ಒಂಟಿ ಕಾಲಿನಲ್ಲಿ ನಿಲ್ಲು ನೋಡುವ," ಎಂದರು ಅಪ್ಪಿ.

"ಯಾರು, ನಾನಾ?"

"ನೀನೇ. ದಿನಾ ವಾಕಿಂಗ್ ಹೋಗ್ತಿ ಅಲ್ವಾ? ನಿಲ್ಲು."

ಬ್ಯಾಂಕಿನ ನಿವೃತ್ತ ನೌಕರನು ಒಂದು ಬಿಳಿ ಶೂವನ್ನು ಗಂಭೀರವಾಗಿ ಮೇಲೆತ್ತಿದ. ಮತ್ತು ಎಎಸ್‌ಐಯವರ ಹೆಗಲನ್ನು ಬಲವಾಗಿ ಅಪ್ಪಿಕೊಂಡ.

"ನನ್ನನ್ನು ಹಿಡೀಬೇಡಿ ಮಾರಾಯ್ರೆ," ಎಂದರು ಎಎಸ್‌ಐ. "ನನಗೇ ಸೊಂಟ ನೋವು."

"ಭುವನ್," ಎಂದರು ಅಪ್ಪಿ. "ಬೋಟನ್ನು ನಿನ್ನ ದೊಡ್ಡ ಮಾಮನೇ ಹತ್ತುವುದು. ಇನ್ನು ಮಾತಿಲ್ಲ." ಅವರು ಕುರ್ಚಿಯಲ್ಲಿದ್ದ ತಮ್ಮನ ತಲೆಯ ಮೇಲೆ ಕೈಯಿಟ್ಟು, ಕೂಡಲೇ ಒಂದು ಏಟನ್ನೂ ಕೊಟ್ಟರು. "ಬಿದ್ದದ್ದನ್ನು ನನಗೆ ಹೇಳಲಿಕ್ಕೆ ನಿನಗೆ ಎಂತ ಆಗಿತ್ತು?"

ಎಎಸ್‌ಐ ಮೆಟ್ಟಿಲಿಳಿಯುವುದಕ್ಕೆ ಮೊದಲು ಒಂದು ಲೋಟ ನೀರು ಕೇಳಿ ಕುಡಿದರು. ದೀಕ್ಷಿತ್ ಅದಾಗಲೇ ಜೆಪ್ಪುವಿನ ದಾರಿ ಹಿಡಿದಿದ್ದ.

ಸಮುದ್ರ ತೆರೆಯಿತು. ದಕ್ಕೆಯಲ್ಲಿ ಬೋಟುಗಳು ಬಣ್ಣ ಬಳಿಸಿಕೊಂಡು, ಹೂವಿನ ಮಾಲೆ ಹಾಕಿಸಿಕೊಂಡು, ಒಂದಕ್ಕೊಂದು ಮೈ ಉಜ್ಜಿಕೊಂಡು ನಿಂತಿದ್ದವು. ಭರತದ ನೀರು ಭುವನನ ಬೋಟನ್ನು ದಕ್ಕೆಯ ಮಟ್ಟದಿಂದ ಮೇಲಕ್ಕೆತ್ತಿತ್ತು. ಜನ ಸೇರಿದ್ದರು, ಅಡುಗೆಮನೆಯ ಕಥೆ ಅವರೆಲ್ಲರನ್ನೂ ತಲುಪಿದ್ದರಿಂದ, ಮೀನಿಗಿಂತ ಹೆಚ್ಚಾಗಿ ಪಾದವನ್ನು ನೋಡಲು ಬಂದಿದ್ದರು. ಅಪ್ಪಿ, ಸಂಚಿತಾ, ರಿತೇಶ್ ಎದುರಿನಲ್ಲೇ ನಿಂತಿದ್ದರು. ವಾಮನ ಸ್ವಲ್ಪ ಪಕ್ಕದಲ್ಲಿ, ಆಶೆ ಪೂರ್ತಿ ಬಿಡದೆ. ಹಳೆಯ ಪರಿಚಯದ ಸಲುಗೆಯಿಂದ ರಹ್ಮಾನ್ ದಂಪತಿ ಒಂದು ಐಸ್ ಪೆಟ್ಟಿಗೆಯ ಮೇಲೇರಿ, ಎಲ್ಲರಿಗಿಂತ ಚೆನ್ನಾಗಿ ಕಾಣುವ ಸ್ಥಳ ಹಿಡಿದಿದ್ದರು.

ತಾಂಡೇಲರು ಹರಿವಾಣ ಹಿಡಿದು, ಬರಿಗಾಲಿನಲ್ಲಿ ಬಂದರು. ಬೋಟಿನ ಅಂಚನ್ನು ಒಮ್ಮೆ ನೋಡಿದರು. ಬಲಗಾಲನ್ನು ಮೇಲಿಟ್ಟರು. ಮೊಣಕಾಲು ಮುಂದಕ್ಕೆ ಬಾಗಿತು, ಹಿಮ್ಮಡಿ ಏಳಲಿಲ್ಲ, ಕೀಲು ತನ್ನ ಕೆಲಸವನ್ನು ಮಾಡಿತು. ಮರುಕ್ಷಣ ಅವರು ಬೋಟಿನ ಮೇಲಿದ್ದರು. ಹರಿವಾಣದ ಹಿಂಗಾರ ಅಲುಗಿರಲೂ ಇಲ್ಲ. ಗರ್ನಾಲುಗಳು ಸಿಡಿದವು. ವಾಮನ ಕೈಬೀಸಿ ಚಪ್ಪಾಳೆ ತಟ್ಟಿದ, ಅವನೂ ಮನುಷ್ಯನೇ.

ತೆಂಗಿನಕಾಯಿ ಒಡೆಯಿತು. ಇನ್ನು ಹಿರಿಯ ಮಾವ ಇಳಿಯಬೇಕು, ಬೋಟು ಹೊರಡಬೇಕು. ತಾಂಡೇಲರು ಅಂಚಿಗೆ ಬಂದು ಕೆಳಗೆ ನೋಡಿದರು.

ಇಷ್ಟು ವಾರಗಳಲ್ಲಿ ಅವರು ಏರುವುದನ್ನು ಮಾತ್ರ ಕೇಳಿದ್ದರು. ದೀಕ್ಷಿತ್ ಏರುವುದನ್ನು ಮಾತ್ರ ಕಲಿಸಿದ್ದ. ಸ್ಟೂಲಿನಿಂದ ಇಳಿಯುವಾಗ ಅವನ ಹೆಗಲು ಇರುತ್ತಿತ್ತು. ಇಳಿಯಬೇಕಾದರೆ ಮೇಲೆ ಉಳಿದ ಕಾಲು ಏರುವಾಗಿನದಕ್ಕಿಂತಲೂ ಹೆಚ್ಚು ಬಾಗಬೇಕೆಂಬುದು ತಾಂಡೇಲರ ಪಾದಕ್ಕೆ ಆ ಅಂಚಿನಲ್ಲಿ ತಿಳಿಯಿತು. ತಿಳಿದ ಕೂಡಲೇ ಅದು ಒಪ್ಪುವುದಿಲ್ಲವೆಂದಿತು. ಕೆಳಗೆ ವಾಮನ ನಿಂತಿದ್ದ. ಕೈ ಕೊಡು ಎಂದರೆ ಕೊಡುವವನು ಅವನೇ. ತಾಂಡೇಲರು ದಿಗಂತವನ್ನು ನೋಡುತ್ತಿರುವವರಂತೆ ನಿಂತರು.

"ಮಾಮ," ಎಂದ ಭುವನ್. "ನಮ್ಮ ಜೊತೆ ಬರುವ ಆಸೆಯಾ?"

"ಒಂದು ನಿಮಿಷ ನಿಲ್ಲು ಮಾರಾಯ," ಎಂದು ತಾಂಡೇಲರು ತಲೆಯಾಡಿಸಿದರು. ಎಂಜಿನು ಶುರುವಾಗಿತ್ತು. ಭುವನನಿಗೆ ಮಾತು ಕೇಳಿಸಲಿಲ್ಲ, ತಲೆ ಮಾತ್ರ ಕಾಣಿಸಿತು. ಅವನು ಮಾವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು ಹಗ್ಗ ಬಿಚ್ಚಲು ಹೇಳಿದ.

ದಕ್ಕೆಗೂ ಬೋಟಿಗೂ ನಡುವೆ ನೀರು ಕಾಣಿಸಿಕೊಂಡಿತು. ತಾಂಡೇಲರು ಕೈಯೆತ್ತಿ ಕೂಗಿದರು. ದಕ್ಕೆಯ ಜನರೆಲ್ಲ ಒಂದೇ ಸಲಕ್ಕೆ ಕೈಯೆತ್ತಿದರು. ಅವರು ಎರಡೂ ಕೈಗಳನ್ನು ಎತ್ತಿದರು. ಜನರೂ ಎರಡೂ ಕೈಗಳನ್ನು ಎತ್ತಿದರು. ಅಪ್ಪಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಈ ಪ್ರಾಯದಲ್ಲಿ ಸಮುದ್ರಕ್ಕೆ ಹೋಗ್ತಾನಲ್ಲ ನನ್ನ ತಮ್ಮ," ಎಂದರು. ಸಂಚಿತಾ ಅತ್ತಳು. ವಾಮನ ಶೂಗಳನ್ನು ಜೋಡಿಸಿ ಸೆಲ್ಯೂಟ್ ಹೊಡೆದ.

ಐಸ್ ಪೆಟ್ಟಿಗೆಯ ಮೇಲೆ ಬೀಫಾತಿಮ್ಮ ಕಣ್ಣು ಕಿರಿದು ಮಾಡಿ ನೋಡಿದರು.

"ಅವರು ಎಂತದೋ ಕೂಗ್ತಾ ಇದ್ದಾರೆ."

"ಆಶೀರ್ವಾದ ಮಾಡ್ತಾ ಇದ್ದಾರೆ," ಎಂದರು ರಹ್ಮಾನ್.

"ಅಲ್ಲ. ಇಳಿಸಿ, ಇಳಿಸಿ ಅಂತ ಕೂಗ್ತಾ ಇದ್ದಾರೆ. ನನಗೆ ಸರಿಯಾಗಿ ಕಾಣ್ತದೆ."

ರಹ್ಮಾನ್ ಕರವಸ್ತ್ರದಿಂದ ಕನ್ನಡಕ ಒರೆಸಿಕೊಂಡರು.

"ನಿನಗೆ ಕಂಡದ್ದು ಸಾಕು ಮಾರಾಯ್ತಿ. ಕೈ ಎತ್ತು."

ಬೀಫಾತಿಮ್ಮ ನಿಟ್ಟುಸಿರು ಬಿಟ್ಟು ಕೈ ಎತ್ತಿದರು.